ಫ್ಲೆಕ್ಸ್‌ನಲ್ಲಿ ಉಳಿದ ಕೈ: ಕಸಿ ಶಸ್ತ್ರಚಿಕಿತ್ಸಕರೊಬ್ಬರ ಅಭಿನಂದನೆಯ ಪ್ರಕರಣ

ಈ ಪ್ರಕರಣ ನಡೆದದ್ದು ಹುಬ್ಬಳ್ಳಿ-ಧಾರವಾಡದ ಒಂದು ಆಸ್ಪತ್ರೆಯಲ್ಲಿ. ಅದಕ್ಕಿಂತ ಹೆಚ್ಚಿನ ಗುರುತು ಕೊಡುವುದಿಲ್ಲ. ರೋಗಿ, ಅವನ ತಾಯಿ, ಶಸ್ತ್ರಚಿಕಿತ್ಸಕರು, ಯಾರ ಹೆಸರೂ ಇಲ್ಲಿಲ್ಲ. ವಯಸ್ಸು, ವಾರದ ದಿನ, ಮನೆತನದ ವಿವರ ಕೆಲವನ್ನು ಬದಲಿಸಿದ್ದೇನೆ. ಬರೆದ ಮೇಲೆ ಮೂವರಿಗೂ ಓದಿ ಹೇಳಿದೆ. ತಾಯಿ ಎರಡು ಸಾಲು ತೆಗೆಯಲು ಹೇಳಿದರು, ತೆಗೆದೆ. ನಾನು ಅರಿವಳಿಕೆ ವೈದ್ಯೆ. ಕೆಳಗೆ ಹೇಳುವ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ನಮ್ಮ ಕಸಿ ಶಸ್ತ್ರಚಿಕಿತ್ಸಕರನ್ನು ಇಲ್ಲಿ ಸರ್ ಎಂದೇ ಕರೆಯುತ್ತೇನೆ. ನಾವೆಲ್ಲ ಕರೆಯುವುದೂ ಹಾಗೇ. ಕಿಡ್ನಿ ಕಸಿ ಆಗಬೇಕೆಂದರೆ ಈ ಕಡೆಯ ಮಂದಿ ಬೆಂಗಳೂರಿಗೋ ಮುಂಬೈಗೋ ಹೋಗಿ, ಬಾಡಿಗೆ ಖೋಲಿ ಹಿಡಿದು ತಿಂಗಳುಗಟ್ಟಲೆ ಕೂರಬೇಕಿತ್ತು. ಹೊಲ ಮಾರಿ ಹೋದವರನ್ನು ಕಂಡಿದ್ದೇನೆ. ಅಂಥ ಕಾಲದಲ್ಲಿ ಸರ್ ಇಲ್ಲಿಗೆ ಬಂದು, ಇದ್ದ ಎರಡು ಆಪರೇಷನ್ ಥಿಯೇಟರು ಮತ್ತು ಕಲಿಯಲು ಸಿದ್ಧರಿದ್ದ ನಾಲ್ಕಾರು ಜನರನ್ನು ಕಟ್ಟಿಕೊಂಡು ಕೆಲಸ ಶುರು ಮಾಡಿದರು.

ಕಸಿಯ ದಿನ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು, ಮುಂದಿನ ಮಾತಿಗೆ ಅದು ಬೇಕು. ಒಂದು ಥಿಯೇಟರಿನಲ್ಲಿ ಕೊಡುವವರು, ಪಕ್ಕದ್ದರಲ್ಲಿ ಪಡೆಯುವವರು. ಕೊಡುವವರಿಂದ ಸಾಮಾನ್ಯವಾಗಿ ಎಡಗಿಡ್ನಿ ತೆಗೆಯುತ್ತಾರೆ, ಅದರ ಅಭಿಧಮನಿ ಉದ್ದ, ಹೊಲಿಯಲು ಅನುಕೂಲ. ತೆಗೆದ ಕಿಡ್ನಿಯನ್ನು ಮಂಜುಗಡ್ಡೆಯ ಬಟ್ಟಲಿನಲ್ಲಿಟ್ಟು ತಣ್ಣನೆಯ ದ್ರಾವಣ ಹಾಯಿಸಿದರೆ ರಕ್ತವೆಲ್ಲ ತೊಳೆದು ಹೋಗಿ ಅದು ಬೂದು ಬಣ್ಣಕ್ಕೆ ಬರುತ್ತದೆ. ರೋಗಿಯ ಹಳೇ ಕಿಡ್ನಿಗಳನ್ನು ಬಹಳ ಸಲ ಮುಟ್ಟುವುದೇ ಇಲ್ಲ. ಹೊಸದನ್ನು ಕೆಳಹೊಟ್ಟೆಯ ಒಂದು ಮಗ್ಗುಲಿಗೆ ಕೂರಿಸಿ, ಅಲ್ಲಿಂದ ಕಾಲಿನ ಕಡೆ ಹೋಗುವ ರಕ್ತನಾಳಗಳಿಗೆ ಹೊಲಿದು, ಮೂತ್ರನಾಳವನ್ನು ಮೂತ್ರಕೋಶಕ್ಕೆ ಜೋಡಿಸುತ್ತಾರೆ. ರಕ್ತ ತಡೆದು ಹಿಡಿದ ಕ್ಲ್ಯಾಂಪ್ ಬಿಡುವ ಮುಂಚೆ ಸರ್ ತಲೆ ಎತ್ತಿ ನನ್ನ ಕಡೆ ನೋಡುತ್ತಾರೆ. ಬಿ.ಪಿ. ಸಾಕಷ್ಟಿದೆಯೇ, ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಎಂದು ಆ ಕಣ್ಣು ಕೇಳುತ್ತದೆ. ನಾನು ಹೂಂ ಅಂದ ಮೇಲೆ ಕ್ಲ್ಯಾಂಪ್ ಬಿಡುತ್ತಾರೆ. ಬೂದು ಬಣ್ಣದ್ದು ಕಣ್ಣೆದುರೇ ಗುಲಾಬಿಯಾಗುತ್ತದೆ. ಬದುಕಿರುವವರು ಕೊಟ್ಟ ಕಿಡ್ನಿಯಾದರೆ ಬಹಳ ಸಲ ಕೆಲವೇ ನಿಮಿಷದಲ್ಲಿ ಮೂತ್ರ ತೊಟ್ಟಿಕ್ಕುತ್ತದೆ. ಆಗ ಸರ್ 'ಬಂತು' ಎನ್ನುತ್ತಾರೆ. ಅಷ್ಟೇ. ಇಷ್ಟು ವರ್ಷದಲ್ಲಿ ಆ ಒಂದು ಪದಕ್ಕಿಂತ ಹೆಚ್ಚಿನದನ್ನು ಅವರು ಆ ಹೊತ್ತಿನಲ್ಲಿ ಆಡಿದ್ದು ನನಗೆ ನೆನಪಿಲ್ಲ.

ಈ ಪ್ರಕರಣದ ಹುಡುಗ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ಹತ್ತೊಂಬತ್ತನೇ ವರ್ಷಕ್ಕೇ ಎರಡೂ ಕಿಡ್ನಿ ಹೋಗಿದ್ದವು. ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವವರು. ಅವರೇ ಕಿಡ್ನಿ ಕೊಟ್ಟರು. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ತಾಯಿ ಹತ್ತಿರದ ಸಂಬಂಧಿ, ಹಾಗಾಗಿ ಹೊರಗಿನವರು ಕೊಡುವಾಗ ಇರುವಷ್ಟು ದೊಡ್ಡ ಪರಿಶೀಲನೆ ಇರುವುದಿಲ್ಲ. ಆದರೂ ಅವರನ್ನು ಮನೆಯವರಿಂದ ಬೇರೆ ಕೂರಿಸಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಇದರಲ್ಲಿ ನಿಮಗೇನು ಅಪಾಯ ಇದೆ ಎಂಬುದು ಗೊತ್ತೇ, ಕೊನೇ ಗಳಿಗೆಯಲ್ಲೂ ಬೇಡ ಅನ್ನಬಹುದು ಎಂಬುದು ಗೊತ್ತೇ ಎಂದು ನಾವು ಕೇಳಿದೆವು. ಒಂದಲ್ಲ, ಮೂರು ಸಲ ಕೇಳಿದೆವು. ಇದನ್ನು ನೆನಪಿಟ್ಟುಕೊಳ್ಳಿ.

ಕಸಿ ಚೆನ್ನಾಗಿ ಆಯಿತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ 1.1ಕ್ಕೆ, ಅಂದರೆ ಸಹಜ ಮಟ್ಟಕ್ಕೆ, ಬಂದು ನಿಂತಿತು. ಕೆಲವು ತಿಂಗಳ ನಂತರ ವಿಶ್ವ ಕಿಡ್ನಿ ದಿನಕ್ಕೆ ಆಸ್ಪತ್ರೆಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಮಾಡಿದ್ದೆವು. ಅಲ್ಲಿ ಸರ್, ಹುಡುಗ, ತಾಯಿ ಮೂವರೂ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋವನ್ನು ಆ ವರ್ಷದ ಕಿರುಹೊತ್ತಿಗೆಯಲ್ಲಿ ಹಾಕಲು ಒಪ್ಪಿ ಸಹಿಯನ್ನೂ ಕೊಟ್ಟರು.

ಸುದ್ದಿ ಬಂದ ದಿನ

ಮೂರು ವರ್ಷ ಕಳೆಯಿತು. ಒಂದು ಗುರುವಾರ ಸಂಜೆ ದೆಹಲಿಯಿಂದ ಸುದ್ದಿ ಬಂತು. ಕಸಿ ಕೆಲಸಕ್ಕಾಗಿ ಸರ್‌ಗೆ ರಾಷ್ಟ್ರಮಟ್ಟದ ದೊಡ್ಡ ಪ್ರಶಸ್ತಿ. ಅದನ್ನು ಪಡೆದದ್ದು ಅಲ್ಲಿಯ ಸಮ್ಮೇಳನದಲ್ಲಿ. ಅವರು ನಮಗೆ ಮೊದಲೇ ಹೇಳಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದಾಗ ಡಯಾಲಿಸಿಸ್ ವಿಭಾಗದ ಸಿಸ್ಟರ್ ಒಬ್ಬರು ಅತ್ತರು. ವಾರ್ಡ್ ಬಾಯ್ ಓಡಿ ಹೋಗಿ ಲೈನ್ ಬಜಾರಿನ ಪೇಡೆ ತಂದ. ನನಗೂ ಮೈ ಜುಂ ಎಂದಿತು. ಈ ಸಂತೋಷ ನಿಜವಾದದ್ದು, ಮುಂದೆ ಆದದ್ದರ ಬೇರು ಕೆಟ್ಟ ಉದ್ದೇಶದಲ್ಲಿ ಇರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಶುಕ್ರವಾರ ಬೆಳಗ್ಗೆ ಆಡಳಿತ ವಿಭಾಗದವರು ಒಂದು ಅಭಿನಂದನಾ ಸಮಿತಿ ಮಾಡಿದರು, ನನ್ನನ್ನೂ ಸೇರಿಸಿದರು. ಶನಿವಾರ ಸಂಜೆ ಸರ್ ವಿಮಾನ ಇಳಿದು ಬರುವಷ್ಟರಲ್ಲಿ ದಾರಿಯಲ್ಲಿ ಫ್ಲೆಕ್ಸ್ ಇರಬೇಕು, ಅವರಿಗೆ ಅಚ್ಚರಿಯಾಗಬೇಕು ಎಂದು ತೀರ್ಮಾನವಾಯಿತು. ಹಾವೇರಿಯಿಂದ ಏಲಕ್ಕಿ ಮಾಲೆ ತರಿಸುವುದು, ಪೇಟ, ಶಾಲು, ಪತ್ರಿಕೆಯಲ್ಲಿ ಜಾಹೀರಾತು. ಮಧ್ಯಾಹ್ನ ಎರಡು ಕೇಸುಗಳ ನಡುವೆ ಫ್ಲೆಕ್ಸ್‌ನ ನಮೂನೆ ನನ್ನ ಮೊಬೈಲಿಗೆ ಬಂತು. ಸರ್ ಅವರ ದೊಡ್ಡ ಚಿತ್ರ, ಪಕ್ಕದಲ್ಲಿ ನಗುವ ಒಬ್ಬ ಹುಡುಗ, ಮೇಲೆ 'ನೂರಾರು ಜೀವಗಳಿಗೆ ಮರುಜನ್ಮ ನೀಡಿದ ಧನ್ವಂತರಿ', ಕೆಳಗೆ 'ಶೇ. 100 ಯಶಸ್ಸು'. ನಾನು ಓದಿ ಕಾಗುಣಿತ ಸರಿ ಇದೆಯೇ ಎಂದಷ್ಟೇ ನೋಡಿದೆ. ಸರಿ ಇತ್ತು. ಒಪ್ಪಿಗೆ ಕಳಿಸಿದೆ.

ಶನಿವಾರ ಬೆಳಗ್ಗೆ ನಾಲ್ಕು ಕಡೆ ಫ್ಲೆಕ್ಸ್ ನಿಂತವು. ಅದರಲ್ಲಿ ಒಂದು ಚೆನ್ನಮ್ಮ ವೃತ್ತದ ಹತ್ತಿರ.

ಹನ್ನೊಂದು ಗಂಟೆಯ ಸುಮಾರಿಗೆ ಡಯಾಲಿಸಿಸ್ ಟೆಕ್ನಿಷಿಯನ್ ಫೋನ್ ಮಾಡಿದ. 'ಮೇಡಂ, ಆ ಫ್ಲೆಕ್ಸ್‌ನ್ಯಾಗಿನ ಹುಡುಗ ಇಲ್ಲೇ ಮೂರನೇ ನಂಬರ್ ಮಷೀನ್ ಮ್ಯಾಲ ಅದಾನ್ರಿ. ಅವರವ್ವ ಹೊರಗ ಕುಂತಾರ. ನೀವ ಬರ್ರಿ.'

ಏನಾಗಿತ್ತು

ಹುಡುಗನ ಕಿಡ್ನಿ ಎರಡು ತಿಂಗಳ ಹಿಂದೆ ಕೈಬಿಟ್ಟಿತ್ತು. ಕಸಿ ಮಾಡಿದ ಕಿಡ್ನಿಯನ್ನು ಮೈ ಹೊರಗಿನದು ಎಂದೇ ಕಾಣುತ್ತದೆ. ಅದನ್ನು ತಡೆಯಲು ದಿನಕ್ಕೆರಡು ಸಲ, ಗಂಟೆ ತಪ್ಪದೆ, ಜೀವಮಾನವಿಡೀ ಟ್ಯಾಕ್ರೊಲಿಮಸ್‌ನಂಥ ಮಾತ್ರೆ ನುಂಗಬೇಕು, ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಿಸಬೇಕು. ಅವನು ಗೂಡ್ಸ್ ಗಾಡಿ ಓಡಿಸುವ ಕೆಲಸ ಹಿಡಿದಿದ್ದ. ರಾತ್ರಿ ದಾರಿಯಲ್ಲಿರುವಾಗ ಮಾತ್ರೆ ತಪ್ಪಿದ್ದುಂಟು. ತಪ್ಪದ ತಿಂಗಳಲ್ಲೂ ಮಟ್ಟ ಏರಿಳಿದದ್ದುಂಟು. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ನಿಧಾನದ ತಿರಸ್ಕಾರ, ಅಂದರೆ ಮೈ ಹೊಸ ಕಿಡ್ನಿಯನ್ನು ಒಲ್ಲೆನ್ನುವುದು, ಕಂಡಿತು. ಇದು ಇಂಥ ಒಂದೇ ಕಾರಣದಿಂದ ಆಯಿತು ಎಂದು ಹುಡುಗನ ಮೇಲೆ ಹೊರಿಸುವುದು ನ್ಯಾಯವಲ್ಲ. ಮಾತ್ರೆ ಒಂದೂ ಬಿಡದವರಲ್ಲೂ ಹೀಗಾಗುತ್ತದೆ. ಹೇಗಾದರೂ ಅವನು ಮತ್ತೆ ಮಂಗಳವಾರ, ಗುರುವಾರ, ಶನಿವಾರ ಯಂತ್ರಕ್ಕೆ ಬರುವವನಾಗಿದ್ದ. ಸರ್‌ಗೆ ಇದು ಗೊತ್ತಿತ್ತು, ಕಿಡ್ನಿ ತಜ್ಞರಿಗೆ ಗೊತ್ತಿತ್ತು, ಡಯಾಲಿಸಿಸ್ ಸಿಬ್ಬಂದಿಗೆ ಗೊತ್ತಿತ್ತು. ಫ್ಲೆಕ್ಸ್ ಮಾಡಿದವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಥಿಯೇಟರಿನಿಂದ ಹೊರಗೆ ಹೋದವರ ಮುಂದಿನ ಕತೆ ಅರಿವಳಿಕೆ ವೈದ್ಯರಿಗೆ ಬಹುಪಾಲು ಗೊತ್ತಾಗುವುದೇ ಇಲ್ಲ.

ತಾಯಿ ಹಳೇ ಬಸ್ ನಿಲ್ದಾಣದಲ್ಲಿ ಇಳಿದು, ಮಗನ ಕೈ ಹಿಡಿದುಕೊಂಡು ವೃತ್ತ ದಾಟುವಾಗ ಅದನ್ನು ನೋಡಿದ್ದರು. ನಾನು ಹೋದಾಗ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಕೂಗಾಡಲಿಲ್ಲ.

'ನಮ್ಮ ಹುಡುಗನ ಫೋಟೋ ಹಾಕೀರಲ್ರಿ ಬಾಯಾರ, ಅವಗ ಮತ್ತ ಮಷೀನ್ ಹಚ್ಚೀರಿ. ಊರಾಗ ಯಾರಿಗೂ ಹೇಳಿಲ್ರಿ ನಾವು. ಮಗಳ ಮಾತುಕತಿ ನಡದಾವು. ಒಂದ್ ಮಾತು ಕೇಳಬೇಕಿತ್ತಿಲ್ರಿ?'

ನಾನು ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನ್ನ ಕೈ ಒಂದ ಉಳಿಸೀರಿ' ಎಂದರು.

ಆ ಮಾತು ನನಗೆ ಅರ್ಥವಾದದ್ದು ಫ್ಲೆಕ್ಸ್ ಇಳಿಸುವಾಗ. ಮೂಲ ಫೋಟೋದಲ್ಲಿ ಮೂವರಿದ್ದರು. ಜಾಗ ಸಾಲದೆ ಫ್ಲೆಕ್ಸ್ ಅಂಗಡಿಯವರು ಎಡಗಡೆ ಕತ್ತರಿಸಿದ್ದರು. ಹುಡುಗನ ಭುಜದ ಮೇಲೆ ಹಸಿರು ಬಳೆಯ ಒಂದು ಕೈ ಮಾತ್ರ ಉಳಿದಿತ್ತು, ಮಣಿಕಟ್ಟಿನಿಂದ ಆಚೆಗೆ ಏನೂ ಇಲ್ಲ. ಕಿಡ್ನಿ ಕೊಟ್ಟವರು ಅವರು. ಕಿಡ್ನಿ ಕಸಿಯ ಅಭಿನಂದನೆಯಲ್ಲಿ ಅವರನ್ನು ಕತ್ತರಿಸಿ ತೆಗೆದು, ಮೇಲೆ ಮರುಜನ್ಮ ನೀಡಿದವರು ಬೇರೆಯವರು ಎಂದು ಬರೆದಿದ್ದೆವು. ಮೊಬೈಲಿನಲ್ಲಿ ನೋಡುವಾಗ ಆ ಕೈ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲು ಮಾಡಿದ್ದು

ಮಧ್ಯಾಹ್ನದೊಳಗೆ ನಾಲ್ಕೂ ಫ್ಲೆಕ್ಸ್ ಇಳಿದವು. ಪತ್ರಿಕೆಯ ಜಾಹೀರಾತನ್ನು ನಿಲ್ಲಿಸಲು ಸಮಯ ಇತ್ತು, ನಿಲ್ಲಿಸಿದೆವು. ಆದರೆ ಅಷ್ಟರಲ್ಲಿ ಸಿಬ್ಬಂದಿಯೇ ಹೆಮ್ಮೆಯಿಂದ ಫೋಟೋ ಹೊಡೆದು ಸ್ಟೇಟಸ್ ಹಾಕಿದ್ದರು, ಅದು ಒಬ್ಬರಿಂದೊಬ್ಬರಿಗೆ ಹೋಗಿ ಹುಡುಗನ ಊರಿಗೂ ಮುಟ್ಟಿತ್ತು. ಎಲ್ಲರೂ ಅಳಿಸಿ ಎಂದು ಗುಂಪಿನಲ್ಲಿ ಬರೆದೆವು. ಅಳಿಸಿದರು. ಊರಿನವರ ಮೊಬೈಲಿನಿಂದ ಅಳಿಸುವುದು ನಮ್ಮ ಕೈಯಲ್ಲಿರಲಿಲ್ಲ. ಮುಂದಿನ ಮಂಗಳವಾರ ಊರಿನ ಸಂಬಂಧಿಕರೊಬ್ಬರು ಹುಬ್ಬಳ್ಳಿಗೆ ಬಂದವರು, ಹುಡುಗ ಆಸ್ಪತ್ರೆಗೆ ಬಂದಿದ್ದಾನೆಂದು ತಿಳಿದು ಶಹಬ್ಬಾಸ್ ಅನ್ನಲು ನೇರ ವಾರ್ಡಿಗೇ ಬಂದುಬಿಟ್ಟರು. ವಿಷಯ ಬಯಲಾಯಿತು. ಮಗಳ ಮದುವೆ ಆಮೇಲೆ ನಡೆಯಿತು, ಅದೇ ಮನೆಯೊಂದಿಗೆ. ಆದರೂ ಬೀಗರಿಗೆ ಇದನ್ನು ಯಾವಾಗ, ಹೇಗೆ ಹೇಳಬೇಕು ಎಂದು ಆರಿಸುವ ಹಕ್ಕು ಆ ತಾಯಿಯದಾಗಿತ್ತು. ಅದನ್ನು ನಾವು ಕಿತ್ತುಕೊಂಡಿದ್ದೆವು.

ಆಡಳಿತದವರು ಮನೆಗೆ ಹಣ್ಣಿನ ಬುಟ್ಟಿ ಕಳಿಸೋಣ, ಡಯಾಲಿಸಿಸ್ ಖರ್ಚು ಕೆಲವು ತಿಂಗಳು ಬಿಡೋಣ ಎಂದರು. ನಮ್ಮ ಕಸಿ ಕೋಆರ್ಡಿನೇಟರ್, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಬೇಡವೆಂದಳು. 'ಈಗ ಕೊಟ್ರ ಬಾಯಿ ಮುಚ್ಚಸಾಕ ಕೊಟ್ಟಂಗ ಆಗತೈತ್ರಿ. ಅವರಿಗೆ ಏನ್ ಬೇಕು ಅಂತ ಮೊದಲ ಕೇಳ್ರಿ.' ಈ ಪ್ರಕರಣದಲ್ಲಿ ಸರಿಯಾಗಿ ನಡೆದ ಮೊದಲ ಕೆಲಸ ಇದು. ಕೇಳಿದೆವು. ತಾಯಿಗೆ ಬೇಕಿದ್ದದ್ದು ದುಡ್ಡಲ್ಲ. ಆ ಫ್ಲೆಕ್ಸ್ ಬಟ್ಟೆಯನ್ನು ಯಾರಿಗೂ ಕೊಡಬಾರದು ಎಂದರು. ನಮ್ಮ ಕಡೆ ಇಳಿಸಿದ ಫ್ಲೆಕ್ಸ್ ಮೇವಿನ ಬಣವಿಗೆ ಹೊದಿಕೆಯಾಗುತ್ತದೆ, ಗುಡಿಸಲ ಮೇಲೆ ಬೀಳುತ್ತದೆ, ಟ್ರ್ಯಾಕ್ಟರಿನ ಹಿಂದೆ ಹರಡುತ್ತದೆ. ಮಗನ ಮುಖ ಹಾಗೆ ಯಾರದೋ ಹೊಲದಲ್ಲಿ ಮಳೆಬಿಸಿಲಿಗೆ ಬಿದ್ದಿರಬಾರದು ಎಂಬುದು ಅವರ ಚಿಂತೆ. ಕೋಆರ್ಡಿನೇಟರ್ ನಾಲ್ಕನ್ನೂ ಅವರೆದುರಿಗೇ ಕತ್ತರಿಸಿ ಹಾಕಿದಳು.

ಶನಿವಾರ ಸಂಜೆ ಬಂದಿಳಿದ ಸರ್‌ಗೆ ಎಲ್ಲ ಹೇಳಿದೆವು. ಅವರು ಸಿಟ್ಟಾಗಲಿಲ್ಲ, ಮುಖ ಸಣ್ಣದಾಯಿತು. ಮಂಗಳವಾರ ಮೂರನೇ ನಂಬರ್ ಯಂತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ತಾಯಿ-ಮಗನ ಹತ್ತಿರ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರೋ ನಾನು ಕೇಳಲಿಲ್ಲ.

ಮೌನದ ಹತ್ತು ದಿನ

ನಮ್ಮ ಎರಡನೇ ತಪ್ಪು ಇಲ್ಲಿ ಶುರುವಾಯಿತು. ನನ್ನ ಮಟ್ಟಿಗೆ ಈ ಪ್ರಕರಣದಿಂದ ಕಲಿಯಬೇಕಾದದ್ದರಲ್ಲಿ ಹೆಚ್ಚಿನ ಪಾಲು ಇದರಲ್ಲೇ ಇದೆ, ಯಾಕೆಂದರೆ ಇದು ಒಳ್ಳೆಯತನದ ವೇಷದಲ್ಲಿ ಬಂತು.

ಹೀಗಾದ ಮೇಲೆ ಅಭಿನಂದನೆಯ ಮಾತೆತ್ತುವುದೇ ಅಸಭ್ಯ ಎಂದು ನಮಗೆಲ್ಲ ಅನ್ನಿಸಿತು. ಸಮಾರಂಭ ರದ್ದು. ಏಲಕ್ಕಿ ಮಾಲೆ ಡಬ್ಬಿಯಲ್ಲೇ ಉಳಿಯಿತು. ಪೇಡೆಯ ಸುದ್ದಿ ಯಾರೂ ಆಡಲಿಲ್ಲ. ಸರ್ ಕೂಡ ಇದನ್ನೇ ಬಯಸುತ್ತಾರೆ, ಅವರು ಪ್ರಚಾರ ಒಲ್ಲದವರು ಎಂದು ನಾವೇ ಅಂದುಕೊಂಡೆವು. ಹತ್ತು ದಿನ ಕಳೆದ ಮೇಲೆ ಒಂದು ಕೇಸು ಮುಗಿಸಿ ಕೈ ತೊಳೆಯುವಾಗ ಅವರು ನಲ್ಲಿಯ ಕಡೆ ನೋಡಿಕೊಂಡೇ ಹೇಳಿದರು:

'ನನಗ ಖುಷಿ ಆಗಿತ್ತ್ರಿ ಮೇಡಂ. ದೆಹಲಿಯೊಳಗ ವೇದಿಕಿ ಇಳಿದ ಕೂಡ್ಲೇ ನಿಮಗ ಫೋಟೋ ಕಳಿಸಿದ್ದು ಅದಕ್ಕ. ಬಂದ ಮ್ಯಾಲ ಒಬ್ಬರೂ ಛಲೋ ಆತು ಅನ್ನಲಿಲ್ಲ. ನಾನೂ ಏನೋ ತಪ್ಪು ಮಾಡೀನಿ ಅನ್ನಸಾಕತ್ತೈತಿ.'

ನಾನು ನಿಂತಲ್ಲೇ ನಿಂತೆ. ಫ್ಲೆಕ್ಸ್ ಹಾಕಿದವರು ನಾವು. ಅದರ ದಂಡವನ್ನು ಹತ್ತು ದಿನ ಅವರ ಮೇಲೆ ಹಾಕಿದ್ದೆವು. ಅತಿಯಾಗಿ ಹೊಗಳಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಹೊಗಳುವುದನ್ನೇ ಬಿಟ್ಟಿದ್ದೆವು. ಇಪ್ಪತ್ತು ವರ್ಷ ಹಗಲು ರಾತ್ರಿ ದುಡಿದ ಮನುಷ್ಯ, ಜೊತೆಗೆ ನಿಂತವರ ಬಾಯಿಂದ ಒಂದು ಒಳ್ಳೆಯ ಮಾತು ಬಯಸಿದರೆ ಅದರಲ್ಲಿ ಸಣ್ಣತನ ಏನೂ ಇಲ್ಲ.

ಪತ್ರ

ಅಂದು ರಾತ್ರಿಯೇ ಪತ್ರ ಬರೆಯಲು ಕೂತೆ. ಮೊದಲ ಕರಡನ್ನು ಮರುದಿನ ಅವರಿಗೇ ತೋರಿಸಿದೆ. ಇನ್ನೊಮ್ಮೆ ಎಡವುವುದು ಬೇಡವಾಗಿತ್ತು. ಪೆನ್ಸಿಲ್ ತೆಗೆದುಕೊಂಡು ಮೂರು ಕಡೆ ಗೆರೆ ಎಳೆದರು.

ಒಂದು, 'ದೇವರಂಥ ಕೈ'. ಕೈಗೆ ತರಬೇತಿ ಇದೆ, ತಪ್ಪೂ ಇದೆ, ದೇವರೆಂದರೆ ತಪ್ಪಿದ ದಿನ ರೋಗಿ ಯಾರನ್ನು ಕೇಳಬೇಕು ಎಂದರು. ಇನ್ನೊಂದು, ನೂರಕ್ಕೆ ನೂರು ಯಶಸ್ಸು. ಯಾವುದನ್ನು ಯಶಸ್ಸು ಅನ್ನುತ್ತೀರಿ? ರೋಗಿ ಮನೆಗೆ ಹೋದದ್ದನ್ನೇ, ಒಂದು ವರ್ಷಕ್ಕೆ ಕಿಡ್ನಿ ಕೆಲಸ ಮಾಡುತ್ತಿರುವುದನ್ನೇ, ಐದು ವರ್ಷಕ್ಕೇ? ಕಸಿಯ ಲೆಕ್ಕವನ್ನು ವರ್ಷ ಹೇಳದೆ ಕೊಟ್ಟರೆ ಅದು ಲೆಕ್ಕವೇ ಅಲ್ಲ. ಕಸಿಯ ಕಿಡ್ನಿ ಬಹಳ ಜನರಲ್ಲಿ ಹತ್ತು-ಹದಿನೈದು ವರ್ಷ ನಡೆಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು, ಕೆಲವರಲ್ಲಿ ಮೂರೇ. ಮೂರು ವರ್ಷದವರು ಆ ಶೇ. 100 ಓದಿದರೆ ತಾವು ಲೆಕ್ಕಕ್ಕೇ ಇಲ್ಲ ಅಂದುಕೊಳ್ಳುತ್ತಾರೆ ಎಂದರು.

ಮೂರನೆಯದು 'ಜೀವ ಕೊಟ್ಟವರು'. ಇದರ ಮೇಲೆ ಅವರು ಪೆನ್ಸಿಲ್ ಊರಿ ಹಿಡಿದಿದ್ದರು. ಕಿರಿಯ ವೈದ್ಯರಿಗೆ ಪಾಠ ಮಾಡುವಾಗ ಅವರು ಹೇಳುವ ಒಂದು ಸಂಗತಿ ಉಂಟು, ಅದನ್ನೇ ನನಗೂ ಹೇಳಿದರು. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಬಾಸ್ಟನ್‌ನಲ್ಲಿ. ಮಾಡಿದವರು ಜೋಸೆಫ್ ಮರ್ರೆ. ರಿಚರ್ಡ್ ಹೆರಿಕ್‌ಗೆ ಅವನ ಅವಳಿ ಸಹೋದರ ರೊನಾಲ್ಡ್ ಕಿಡ್ನಿ ಕೊಟ್ಟ. ತಿರಸ್ಕಾರ ತಡೆಯುವ ಔಷಧಿ ಆಗ ಇರಲಿಲ್ಲ. ಒಂದೇ ರೂಪದ ಅವಳಿಗಳಾದ್ದರಿಂದ ಮೈ ಅದನ್ನು ತನ್ನದೇ ಎಂದು ಒಪ್ಪಿತು. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದ. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು. ರೊನಾಲ್ಡ್ ಒಂದೇ ಕಿಡ್ನಿಯಲ್ಲಿ 2010ರವರೆಗೆ ಬದುಕಿದ್ದ. 'ಮರ್ರೆ ಹೆಸರು ಎಲ್ಲಾರಿಗೂ ಗೊತ್ತು. ಆರೋಗ್ಯವಾಗಿದ್ದ ಮನಶ್ಯಾ ತನ್ನ ಮೈಗೆ ಏನೂ ಲಾಭ ಇಲ್ದ ಥಿಯೇಟರ್‌ದಾಗ ಮಲಗಿದನಲ್ರಿ, ಅವನ ಹೆಸರು ಪರೀಕ್ಷಾದಾಗ ಕೇಳ್ರಿ, ಯಾರಿಗೂ ಬರೂದಿಲ್ಲ.'

ಎರಡನೇ ಕರಡಿನಲ್ಲಿ ವಿಶೇಷಣಗಳನ್ನೆಲ್ಲ ಕಿತ್ತು, ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದೆ. ಅದರ ಒಂದು ಭಾಗ ಹೀಗಿದೆ:

'ಒಂದು ರಾತ್ರಿ ಬಟ್ಟಲಿಗೆ ಬಂದ ಕಿಡ್ನಿಗೆ ಎರಡು ಧಮನಿ ಇದ್ದವು. ಕೆಳಗಿನದು ಸಣ್ಣದು, ಕಟ್ಟಿಬಿಟ್ಟರೆ ಕೆಲಸ ಬೇಗ ಮುಗಿಯುತ್ತಿತ್ತು. ಮೂತ್ರನಾಳಕ್ಕೆ ರಕ್ತ ಹೋಗುವುದು ಅದರಿಂದಲೇ ಎಂದು ನೀವು ಮಂಜುಗಡ್ಡೆಯ ಮುಂದೆ ಬಗ್ಗಿ ನಿಂತು ಅದನ್ನು ದೊಡ್ಡದರ ಪಕ್ಕಕ್ಕೆ ಹೊಲಿದಿರಿ. ಆ ಕಿಡ್ನಿ ಪಡೆದವರು ಈಗಲೂ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ. ಇನ್ನೊಮ್ಮೆ ಒಬ್ಬ ತಂದೆ ಮಗಳಿಗೆ ಕಿಡ್ನಿ ಕೊಡುತ್ತೇನೆಂದು ನಿಮ್ಮ ಕಾಲಿಗೆ ಬಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ನೀವು ಬೇಡವೆಂದಿರಿ. ಆ ಕೇಸು ನಿಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ಈ ಪ್ರಶಸ್ತಿ ಅದಕ್ಕೂ ಸೇರಿದೆ ಎಂದು ನಾನು ನಂಬಿದ್ದೇನೆ. ಛಲೋ ಆತು ಸರ್. ತಡವಾಗಿ ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ.'

ಇದಕ್ಕೆ ಪೆನ್ಸಿಲ್ ಹಚ್ಚಲಿಲ್ಲ. ಮಡಿಚಿ ಕೋಟಿನ ಒಳಜೇಬಿಗೆ ಹಾಕಿಕೊಂಡರು.

ಸಭೆ, ಮತ್ತು ಪಟ್ಟಿಯಲ್ಲಿ ಸಿಕ್ಕ ಕೊರತೆ

ಸಮಾರಂಭ ಮಾಡಿದೆವು, ಚಿಕ್ಕದಾಗಿ, ಡಯಾಲಿಸಿಸ್‌ನ ಎರಡು ಪಾಳಿಗಳ ನಡುವಿನ ಹೊತ್ತಿನಲ್ಲಿ, ಆಸ್ಪತ್ರೆಯ ಒಳಗೆ. ಆಡಳಿತದವರು ಇನ್ನೊಂದು ಸಲಹೆ ತಂದಿದ್ದರು: ಮೆದುಳು ನಿಷ್ಕ್ರಿಯವಾದವರ ಅಂಗದಾನ ಮಾಡಿದ ಮನೆಯವರನ್ನೂ, ಆ ಕಿಡ್ನಿ ಪಡೆದವರನ್ನೂ ವೇದಿಕೆಯಲ್ಲಿ ಭೇಟಿ ಮಾಡಿಸುವುದು. ಕೋಆರ್ಡಿನೇಟರ್ ಇದಕ್ಕೂ ಅಡ್ಡ ನಿಂತಳು. ಆ ಮನೆಗಳಲ್ಲಿ ಏನು ನಡೆದಿರುತ್ತದೆ ಎಂಬುದು ಅವಳಿಗೆ ಗೊತ್ತು. ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಮೆದುಳು ಸತ್ತಿದೆ ಎಂದು ಬರೆದುಕೊಡುವವರೆಗೆ, ಎದೆ ಏರಿಳಿಯುತ್ತಿರುವ ಮಗನ ಪಕ್ಕ ತಂದೆ-ತಾಯಿ ನಿಂತಿರುತ್ತಾರೆ. ಅಂಗ ಯಾರಿಗೆ ಹೋಗಬೇಕೆಂಬುದನ್ನು ರಾಜ್ಯದ ಜೀವಸಾರ್ಥಕತೆ ಸಂಸ್ಥೆ ಸರದಿಯ ಪಟ್ಟಿಯಂತೆ ನಿರ್ಧರಿಸುತ್ತದೆ, ಕೊಟ್ಟವರಿಗೂ ಪಡೆದವರಿಗೂ ಪರಸ್ಪರರ ಗುರುತು ತಿಳಿಸದಿರುವುದು ಈ ಕೆಲಸದ ರೂಢಿ. ಪಡೆದವರ ಕಿಡ್ನಿ ನಾಳೆ ಕೈಕೊಟ್ಟರೆ ಆ ತಂದೆ-ತಾಯಿಗೆ ಮಗ ಎರಡನೇ ಸಲ ಸತ್ತಂತೆ ಎಂದಳು. ಮೂರನೇ ನಂಬರ್ ಯಂತ್ರವನ್ನು ಕಂಡಿದ್ದ ಯಾರೂ ಎದುರಾಡಲಿಲ್ಲ.

ಬದುಕಿರುವ ದಾನಿಗಳನ್ನು ಮಾತ್ರ ಪತ್ರ ಬರೆದು ಕರೆಯೋಣ, ಬರುವುದು ಬಿಡುವುದು ಅವರ ಇಷ್ಟ ಎಂದಾಯಿತು. ವಿಳಾಸ ತೆಗೆಯಲು ಕೂತಾಗ ಒಂದು ಸಂಗತಿ ಹೊರಬಿತ್ತು. ದಾನಿಗಳ ಫೈಲುಗಳಲ್ಲಿ ಅವರ ಸ್ವಂತ ಫೋನ್ ನಂಬರ್ ಬಹುತೇಕ ಇರಲಿಲ್ಲ. ಕಿಡ್ನಿ ಪಡೆದವರದ್ದೋ, ಗಂಡನದ್ದೋ ನಂಬರ್ ಇತ್ತು. ನಮ್ಮ ದೇಶದಲ್ಲಿ ಬದುಕಿದ್ದಾಗ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ಫೈಲುಗಳೂ ಹಾಗೇ ಇದ್ದವು, ಅವ್ವಂದಿರು, ಹೆಂಡಂದಿರು. ಒಂದು ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆಯಾದರೂ ಬಿ.ಪಿ., ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್ ನೋಡಿಸಿಕೊಳ್ಳಬೇಕು, ಅದೂ ಜೀವಮಾನವಿಡೀ. ಮೊದಲ ವರ್ಷ ದಾಟಿದ ಮೇಲೆ ಬಂದವರ ಗುರುತು ಫೈಲುಗಳಲ್ಲಿ ವಿರಳ. ಮಗನ ಜೊತೆ ವಾರಕ್ಕೆ ಮೂರು ದಿನ ನಮ್ಮ ಬೆಂಚಿನ ಮೇಲೆ ಕೂರುತ್ತಿದ್ದ ಆ ತಾಯಿಯ ಬಿ.ಪಿ.ಯನ್ನೂ ಎರಡು ವರ್ಷದಿಂದ ಯಾರೂ ನೋಡಿರಲಿಲ್ಲ. ಫ್ಲೆಕ್ಸ್ ಅಂಗಡಿಯವರು ಫೋಟೋದಲ್ಲಿ ಮಾಡಿದ್ದನ್ನು ನಾವು ಫೈಲಿನಲ್ಲಿ ಎಂದೋ ಮಾಡಿ ಮುಗಿಸಿದ್ದೆವು.

ಸಭೆಗೆ ಹದಿನೇಳು ದಾನಿಗಳು ಬಂದರು. ಯಾರ ಹೆಸರನ್ನೂ ಮೈಕಿನಲ್ಲಿ ಕೂಗಲಿಲ್ಲ, ಫೋಟೋ ತೆಗೆಯಲಿಲ್ಲ. ಏಲಕ್ಕಿ ಮಾಲೆಯನ್ನು ಥಿಯೇಟರಿನ ಹಿರಿಯ ಸಿಸ್ಟರ್ ಸರ್ ಕೊರಳಿಗೆ ಹಾಕಿದರು, ಅವರು ತಲೆ ಬಗ್ಗಿಸಿ ಹಾಕಿಸಿಕೊಂಡರು. ಅಂದು ಅವರ ಮುಖದಲ್ಲಿದ್ದ ಸಂತೋಷವನ್ನು ಮುಚ್ಚಿಡಲು ಅವರೂ ಯತ್ನಿಸಲಿಲ್ಲ. ಹುಡುಗನ ತಾಯಿ ಬರಲಿಲ್ಲ.

ಈಗ ನಡೆಯುತ್ತಿರುವುದು

ಫೋಟೋಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರ ಮಾಡಿದ್ದೇವೆ. ಒಂದು ಬಳಕೆಗೆ ಒಂದು ಸಹಿ. ಮತ್ತೆ ಬಳಸಬೇಕೆಂದರೆ ಮತ್ತೆ ಕೇಳಬೇಕು. ರೋಗಿಯ ಗುರುತು ಸಿಗುವ ಫೋಟೋವನ್ನು ಒಪ್ಪಿಗೆಯಿಲ್ಲದೆ ವೈದ್ಯಕೀಯ ಅಥವಾ ಬೇರೆ ಯಾವ ಪತ್ರಿಕೆಯಲ್ಲೂ ಪ್ರಕಟಿಸಬಾರದೆಂದು 2002ರ ವೈದ್ಯಕೀಯ ನಡಾವಳಿ ನಿಯಮಗಳಲ್ಲೇ ಇದೆ, ನಮ್ಮಲ್ಲಿ ಅದು ಸಂಶೋಧನಾ ಲೇಖನಕ್ಕೆ ಮಾತ್ರ ಎಂಬ ಭಾವನೆ ಬೆಳೆದಿತ್ತು. ಕಿಡ್ನಿ ತೆಗೆದುಕೊಳ್ಳುವ ಮುಂಚೆ ತಾಯಿಯನ್ನು ಮೂರು ಸಲ ಬೇರೆ ಕೂರಿಸಿ ಕೇಳಿದವರು, ಫೋಟೋವನ್ನು ಫ್ಲೆಕ್ಸ್‌ಗೆ ಹಾಕುವಾಗ ಒಮ್ಮೆಯೂ ಕೇಳದೆ ಹೋದದ್ದು ಹೇಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ಕಾಯ್ದೆ ಕೇಳಿಸಿದ್ದನ್ನು ಕೇಳಿದ್ದೆವು, ಅಷ್ಟೇ ಇರಬೇಕು. ರೋಗಿಯ ವಿಷಯ ಹೊರಗೆ ಹೋಗುವ ಮುನ್ನ ಅವರ ಇಂದಿನ ಸ್ಥಿತಿಯೇನು ಎಂದು ಕಿಡ್ನಿ ವಿಭಾಗವನ್ನು ಕೇಳುವುದು, ಕೋಆರ್ಡಿನೇಟರ್ ಸಹಿಯಿಲ್ಲದೆ ಯಾವುದೂ ಅಚ್ಚಿಗೆ ಹೋಗದಿರುವುದು ಈಗ ಕಡ್ಡಾಯ.

ತಿಂಗಳ ಎರಡನೇ ಶನಿವಾರ ದಾನಿಗಳ ತಪಾಸಣೆ ಶುರುವಾಗಿದೆ. ಅವರವರ ಹೆಸರಿನ ಫೈಲಿನಲ್ಲಿ ಅವರವರದೇ ನಂಬರ್. ಫೋನಿಲ್ಲದವರಿಗೆ ಪೋಸ್ಟ್ ಕಾರ್ಡ್.

ಮೊದಲ ತಪಾಸಣೆಗೆ ಆ ತಾಯಿ ಬಂದರು; ಅಂದು ಹೇಗೂ ಮಗನ ಡಯಾಲಿಸಿಸ್ ಇತ್ತು. ಹುಡುಗ ಈಗ ಜೀವಸಾರ್ಥಕತೆಯ ಸರದಿಯಲ್ಲಿದ್ದಾನೆ, ಕಾಯುತ್ತಿದ್ದಾನೆ. ತಾಯಿಯ ಬಿ.ಪಿ. 154ಕ್ಕೆ 96 ಬಂತು. ಬೇರೆ ದಿನಗಳಲ್ಲೂ ನೋಡಿ ಖಚಿತ ಮಾಡಿಕೊಂಡು ಮಾತ್ರೆ ಶುರು ಮಾಡಿದೆವು. ಸರ್ ಆ ತಾಯಿಯ ಹೊಲಿಗೆಯ ಗುರುತು ನೋಡಿ, ಫೈಲಿನಲ್ಲಿ ತಾವೇ ಬರೆದರು. ಏಳುವಾಗ ತಾಯಿ ಕೇಳಿದರು, 'ಆ ಪ್ರಶಸ್ತಿ ಅಂತಿದ್ರಲ್ರಿ ಸಾಹೇಬ್ರ, ಅದು ಹೆಂಗೈತ್ರಿ? ನಾ ನೋಡೇ ಇಲ್ಲ.'

ಅದು ಮನೆಯಲ್ಲಿತ್ತು. ಮಂಗಳವಾರ ಸರ್ ಒಂದು ಕೈಚೀಲದಲ್ಲಿ ಹಾಕಿಕೊಂಡು ತಂದರು. ತಾಯಿ ಸೆರಗಿನಿಂದ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಅದನ್ನು ಎತ್ತಿ ನೋಡಿದರು. 'ಭಾಳ ವಜ್ಜಿ ಐತಲ್ರಿ' ಎಂದರು. ಮಗನಿಗೂ ತೋರಿಸಿದರು, ಅವನ ಒಂದು ಕೈಗೆ ಸೂಜಿ ಹಾಕಿತ್ತು, ಇನ್ನೊಂದು ಕೈಯಿಂದ ಮುಟ್ಟಿದ. ಆಮೇಲೆ ಅದನ್ನು ಸರ್ ಕೈಗೆ ಕೊಟ್ಟು, ತಾಯಿ ಹೊರಗೆ ಬೆಂಚಿನ ಮೇಲೆ ತಮ್ಮ ಜಾಗಕ್ಕೆ ಹೋಗಿ ಕೂತರು.